ಉತ್ಸವದ ಎಲೆಯೂ ನಾಡಿನ ಹೊಲವೂ
(ಯಲಹಂಕದ ರಾಜ್ಯೋತ್ಸವ ಸಿದ್ಧತಾ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ 1ರ ಉತ್ಸವಕ್ಕೆ ಬಾವುಟ, ಮೆರವಣಿಗೆ, ಭಾಷಣಗಳ ಏರ್ಪಾಡು ಮುಗಿಯಿತೆಂದು ಕಾರ್ಯದರ್ಶಿಗಳು ಅರಿಕೆ ಮಾಡಿದರು. ಊಟದ ಮಾತು ಬಂದಾಗ ಮಾತ್ರ, ಯಾರಾದರೊಬ್ಬ ಗುತ್ತಿಗೆದಾರನಿಗೆ ಒಪ್ಪಿಸಿದರಾಯಿತೆಂಬ ಸಲಹೆ ಕೇಳಿಬಂದಿತು. ಅದನ್ನು ನಾನು ವಿನಯದಿಂದ ವಿರೋಧಿಸುವೆನು. ನಾಡಹಬ್ಬದಂದು ತಾನುಣ್ಣುವ ತುತ್ತು ಯಾವ ಹೊಲದ್ದೆಂದು ಅರಿಯದವನು ನಾಡನ್ನು ಅರಿತನೆಂದು ಹೇಗೆ ಹೇಳೋಣ?

ನೆರೆಯ ದೇವನಹಳ್ಳಿ ತಾಲ್ಲೂಕನ್ನೇ ನೋಡಿರಿ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಸರಕಾರವು ಅದನ್ನು ಕೈಬಿಡುವುದಾಗಿ ಸಾರಿತು. ಸಂತೋಷವೇ ಸರಿ. ಆದರೆ ಬೆಳೆದುದಕ್ಕೆ ತಕ್ಕ ಬೆಲೆ ದೊರೆಯದಿದ್ದರೆ ಯಾವ ಸರಕಾರದ ಆಜ್ಞೆಯೂ ರೈತನನ್ನು ಹೊಲದಲ್ಲಿ ನಿಲ್ಲಿಸಲಾರದು. ಆ ಬೆಲೆಯನ್ನು ಕೊಡಬೇಕಾದವರು ಪಟ್ಟಣದ ನಾವು.

ಐನೂರು ಜನರಿಗೆ ತಲೆಗೊಂದು ಮುದ್ದೆಯೆಂದರೆ ಸುಮಾರು ಅರ್ಧ ಕ್ವಿಂಟಾಲು ರಾಗಿ ಬೇಕು. ಆ ವೇಳೆಗೆ ಹೊಸ ಬೆಳೆ ಇನ್ನೂ ಹೊಲದಲ್ಲೇ ಇರುವುದು; ಆದುದರಿಂದ ರೈತರ ಮನೆಯಲ್ಲಿರುವ ಕಳೆದ ವರ್ಷದ ರಾಗಿಯನ್ನು ಕೇಳೋಣ. ರಾಗಿ ಕೆಡುವ ಧಾನ್ಯವಲ್ಲ. ಅವರೆಯ ಕಾಲ ಆಗ ಬಂದಿರುವುದಿಲ್ಲ. ಅದಕ್ಕಾಗಿ ಹಟ ಹಿಡಿಯದೆ ಹುರುಳಿ, ಕುಂಬಳ, ಸೊಪ್ಪುಗಳಲ್ಲಿ ತೃಪ್ತರಾಗೋಣ. ಹಣ್ಣಿಗೆ ಹಾಪ್‌ಕಾಮ್ಸ್ ಇದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯದು.

ನಮ್ಮ ಸೀಮೆಯಲ್ಲಿ ಸಾಲದುದನ್ನು ಎಲ್ಲಿಂದ ತರುವುದು? ತೊಗರಿ ಕಲಬುರಗಿಯದಾಗಲಿ, ಮೆಣಸಿನಕಾಯಿ ಬ್ಯಾಡಗಿಯದಾಗಲಿ, ಕಾಳುಮೆಣಸು ಕೊಡಗಿನದಾಗಲಿ. ಯಶವಂತಪುರದ ಮಂಡಿಗಳಲ್ಲಿ ಊರಿನ ಹೆಸರು ಹಿಡಿದೇ ಕೇಳಿ ಕೊಳ್ಳೋಣ. ಒಂದು ಕಾಲಕ್ಕೆ ಕಲಬುರಗಿ ಹೈದರಾಬಾದು ಸಂಸ್ಥಾನದಲ್ಲಿತ್ತು, ಬ್ಯಾಡಗಿ ಮುಂಬಯಿ ಪ್ರಾಂತದಲ್ಲಿತ್ತು, ಕೊಡಗು ಬೇರೆಯೇ ಆಗಿತ್ತು. 1956ರಲ್ಲಿ ಇವೆಲ್ಲ ಒಂದೇ ರಾಜ್ಯವಾದುವು. ಆ ಏಕೀಕರಣವು ಭೂಪಟದಲ್ಲಿ ಮಾತ್ರವಲ್ಲದೆ ನಮ್ಮ ಎಲೆಯ ಮೇಲೂ ಕಾಣಲಿ.

ವಕೀಲನಾದುದರಿಂದ ವ್ಯವಹಾರದ ಮಾತೊಂದನ್ನು ಸೇರಿಸುವೆನು. ಹದಿನೈದು ದಿನ ಮೊದಲೇ ಹಳ್ಳಿಗೆ ಹೋಗಿ ದರ, ತೂಕ, ದಿನಗಳನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಮುಂಗಡ ಕೊಡಿರಿ. ಬೆಳೆದವನ ಕಣ್ಣೆದುರಿಗೇ ತೂಗಿಸಿ, ಉಳಿದ ಹಣವನ್ನು ಅಂದೇ ಸಲ್ಲಿಸಿರಿ. ಅಡಿಗೆಗೆ ಈ ಊರಿನ ತಾಯಂದಿರನ್ನೇ ಕರೆಯಿರಿ. ಕೂಲಿಯನ್ನು ಸೇವೆಯೆಂಬ ಹೆಸರಿನಲ್ಲಿ ಮುರಿಯಬೇಡಿರಿ. ಬೆಲೆ ತುಸು ಹೆಚ್ಚಾದೀತು. ಹಾಗಾದರೆ ತೋರಣ, ದೀಪಗಳಲ್ಲಿ ಕಡಿಮೆ ಮಾಡೋಣ. ರೈತನ ಪಾಲಿನಲ್ಲಿ ಬೇಡ.

ಊಟಕ್ಕೆ ಕುಳಿತಾಗ ಮೊದಲ ಪಂಕ್ತಿ ಈ ಧಾನ್ಯವನ್ನು ಬೆಳೆದವರದಾಗಲಿ. ಭಾಷಣಕಾರರು ಎರಡನೆಯ ಪಂಕ್ತಿಯಲ್ಲಿ ಕುಳಿತರೆ ಕನ್ನಡಕ್ಕೆ ಕೊರತೆಯೇನೂ ಆಗದು.