ಕೊರಳಪಟ್ಟಿಯ ಹೆಸರು

ಅಂಗಡಿಯಿಂದ ತಂದ ಸಿದ್ಧ ಉಡುಪೊಂದರ ಕೊರಳಪಟ್ಟಿಯನ್ನು ಮಗುಚಿ ನೋಡಿದರೆ ಒಳಮೈಯಲ್ಲಿ ಅಂಗುಲದಷ್ಟು ಅಗಲದ ಒಂದು ಚೀಟಿ ಕಾಣಿಸುತ್ತದೆ. ಅದರಲ್ಲಿ ಒಂದು ಹೆಸರಿರುತ್ತದೆ. ಆ ಹೆಸರು ಹತ್ತಿಯನ್ನು ಬೆಳೆದವನದಲ್ಲ, ನೂತವಳದಲ್ಲ, ನೇಯ್ದವನದಲ್ಲ, ಕತ್ತರಿಸಿ ಹೊಲಿದವಳದಂತೂ ಅಲ್ಲ, ಮಾರುವವನದು. ಇದನ್ನು ನಾವು ತೀರ ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಕನ್ನಡ ಸಾಹಿತ್ಯವನ್ನು ಓದಿದವರಿಗೆ ಇದು ಅಷ್ಟು ಸಹಜವಾಗಿ ತೋರಬಾರದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನೊಬ್ಬನಿದ್ದನು. ಸೂಜಿಯ ಕೆಲಸವೇ ಅವನ ಹೆಸರಿನ ಮೊದಲ ಭಾಗ. ಕದಿರ ರೆಮ್ಮವ್ವೆ ನೂಲು ತೆಗೆಯುತ್ತಿದ್ದವಳು. ಅವಳ ವಚನಗಳ ಅಂಕಿತ 'ಕದಿರ ರೆಮ್ಮಿಯೊಡೆಯ ಗುಮ್ಮೇಶ್ವರ'. ಬೇರೆಯವರು ತಮ್ಮ ಇಷ್ಟದೈವದ ಹೆಸರಿನಲ್ಲಿ ವಚನವನ್ನು ಮುಗಿಸಿದರೆ, ಈ ಹೆಂಗಸು ತನ್ನ ಉಪಕರಣವನ್ನೂ ತನ್ನ ಹೆಸರನ್ನೂ ಅಂಕಿತದೊಳಕ್ಕೇ ಸೇರಿಸಿಕೊಂಡಳು. ನೇಯ್ಗೆಯವನಾದ ದಾಸಿಮಯ್ಯನ ವಿಚಾರ ನಿಮಗೆ ಗೊತ್ತೇ ಇದೆ. ಅವನು ಜೇಡರ ದಾಸಿಮಯ್ಯನೋ ದೇವರ ದಾಸಿಮಯ್ಯನೋ ಎಂಬ ಚರ್ಚೆ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಒಂದು ಭಾಷಣ ಬೇಕಾದೀತು. ಕೈಯ ಕೆಲಸಕ್ಕೂ ಹೆಸರಿಗೂ ನಮ್ಮಲ್ಲಿ ಹೀಗೊಂದು ನಂಟಿತ್ತು ಎಂಬುದಷ್ಟೇ ಇಲ್ಲಿ ಬೇಕಾದ ಮಾತು.

ಈ ಹಳೆಯ ಸಂಗತಿಯನ್ನು ಎತ್ತಿಕೊಳ್ಳಲು ಕಾರಣವಿದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ನಗರದ ಹತ್ತಿರ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು, ಅದರೊಳಗೆ ಉಡುಪು ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವಶೇಷಗಳ ನಡುವೆ ದೊರೆತ ಚೀಟಿಗಳಲ್ಲಿ ಐರೋಪ್ಯ ಅಂಗಡಿಗಳ ಹೆಸರುಗಳಿದ್ದವು. ಅಲ್ಲಿಂದೀಚೆಗೆ, ನಾವು ಉಡುವ ಬಟ್ಟೆಯನ್ನು ಯಾರು ಹೊಲಿದರು ಎಂಬ ಪ್ರಶ್ನೆ ಲೋಕದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಕೇಳಿಬರುತ್ತಿದೆ. ನಮ್ಮ ದೇಶದಲ್ಲಿಯೂ ಕೈಮಗ್ಗದ ಬಟ್ಟೆ, ಸಹಜ ಬಣ್ಣ, ನೆಲ ಜಲಗಳನ್ನು ಕೆಡಿಸದ ತಯಾರಿಕೆ ಎಂಬ ಧ್ಯೇಯವನ್ನಿಟ್ಟುಕೊಂಡ ಸಣ್ಣ ಸಣ್ಣ ಉಡುಪು ಸಂಸ್ಥೆಗಳು ಹುಟ್ಟಿವೆ. ಸ್ವಂತ ಕಾರ್ಖಾನೆಯನ್ನು ಕಟ್ಟುವಷ್ಟು ಬಂಡವಾಳ ಇವುಗಳಿಗಿಲ್ಲ. ಆದಕಾರಣ ಹೆಂಗಸರಿಗೆ ಉದ್ಯೋಗ ಕೊಡಲೆಂದು ಸ್ಥಾಪಿತವಾದ ಹೊಲಿಗೆಯ ಕೇಂದ್ರಗಳೊಡನೆ ಇವು ಸೇರಿಕೊಳ್ಳುತ್ತವೆ. ಬಟ್ಟೆ, ವಿನ್ಯಾಸ, ಗಿರಾಕಿ ಸಂಸ್ಥೆಯವು, ಹೊಲಿಗೆ ಕೇಂದ್ರದ್ದು. ಇದನ್ನು ಪಾಲುದಾರಿಕೆ ಎಂದು ಕರೆಯುತ್ತಾರೆ. ಒಳ್ಳೆಯ ಮಾತು. ಆದರೆ ಪಾಲು ಯಾವುದರಲ್ಲಿ?

ನಮ್ಮ ಕರಾವಳಿಗೆ ಇಂಥ ಏರ್ಪಾಡು ಹೊಸದೇನೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರದಿಂದ ತಮ್ಮ ಹಿಂದಿನ ಜೀವನೋಪಾಯವನ್ನು ಕಳೆದುಕೊಂಡವರಿಗಾಗಿಯೇ ನೇಯ್ಗೆಯ ಕಾರ್ಖಾನೆಯನ್ನು ತೆರೆಯಿತು. 1851ರಲ್ಲಿ ಜಾನ್ ಹಾಲರ್ ಬಂದ ಮೇಲೆ ಅಲ್ಲಿ ಸುಧಾರಿತ ಮಗ್ಗಗಳು ನಡೆದವು. ಖಾಕಿ ಬಣ್ಣದ ಬಟ್ಟೆಯ ಖ್ಯಾತಿಗೂ ಆ ಕಾರ್ಖಾನೆಯೇ ಕಾರಣ. ಅನ್ನ ದೊರೆಯಿತು, ಕುಶಲತೆ ದೊರೆಯಿತು. ಒಡೆತನ ಮಾತ್ರ ನೇಯುವವರದಾಗಲಿಲ್ಲ. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಆ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದಾಗ, ಮಗ್ಗದ ಮುಂದೆ ಕುಳಿತವರನ್ನು ಯಾರೂ ಕೇಳಲಿಲ್ಲ.

ಇನ್ನು ಬಂಟ್ವಾಳದ ಕಡೆಗೆ ಬನ್ನಿ. ಆ ತಾಲೂಕಿನ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಹೆಂಗಸರ ಕೈಗೆ ಕಾಸು ತಂದುಕೊಟ್ಟದ್ದು ಬೀಡಿ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪುಗಳನ್ನು ತೂಗಿಸಿಕೊಂಡು ಬರುವುದು, ಮನೆಯ ಜಗಲಿಯಲ್ಲಿ ಕುಳಿತು ಕಟ್ಟುವುದು, ಮರಳಿ ಬ್ರಾಂಚಿಗೆ ಕೊಡುವುದು, ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬೀಡಿಯ ಕಟ್ಟಿನ ಮೇಲಿನ ಹೆಸರು ಕಂಪೆನಿಯದು. ಮನೆಯಲ್ಲೇ ಕುಳಿತು ಕಟ್ಟುವವಳು ನೌಕರಳೇ ಅಲ್ಲ ಎಂಬ ವಾದ ಬಹಳ ಕಾಲ ನಡೆಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಅವಳನ್ನು ನೌಕರಳೆಂದು ಒಪ್ಪಿಕೊಂಡಿತು. ಮಂಗಳೂರಿನ ಬೀಡಿ ಉದ್ಯಮಿಗಳು ಅದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿಯ ಹಕ್ಕು ಆ ಜಗಲಿಗೆ ಬಂದದ್ದು ಮಾಲಿಕರ ಔದಾರ್ಯದಿಂದಲ್ಲ, ಸಂಘಟನೆಯಿಂದ. ಆ ಕಾಯಿದೆಯೂ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಲೀನವಾಯಿತು. ಈಗ ಬೀಡಿಯ ಕಾಲ ಇಳಿಮುಖವಾಗಿದೆ. ಅದು ಇಳಿಯಬೇಕಾದದ್ದೇ ಎಂದು ಕೆಮ್ಮಿದವರೆಲ್ಲ ಹೇಳಿಯಾರು. ಆದರೆ ಅದೇ ಜಗಲಿಗೆ ಬೀಡಿಯ ಮೊರದ ಬದಲು ಹೊಲಿಗೆಯ ಯಂತ್ರ ಬಂದಾಗ, ಮನೆಯಲ್ಲಿ ಹೊಲಿಯುವವಳ ಹೆಸರಿನಲ್ಲಿ ಅಂಥ ಪ್ರತ್ಯೇಕ ಕಾಯಿದೆಯೊಂದು ಬರಲಿಲ್ಲ. ಬೀಡಿಯವಳು ಹೋರಾಡಿ ಪಡೆದುದನ್ನು ಹೊಲಿಗೆಯವಳು ಮೊದಲಿನಿಂದ ಪಡೆಯಬೇಕಾಗಿದೆ.

ಬೆಳ್ತಂಗಡಿಯಲ್ಲಿ ಇದಕ್ಕೆ ಒಂದು ಬಗೆಯ ಉತ್ತರವಿದೆ. 1982ರಲ್ಲಿ ಆ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಹೆಂಗಸರು ತಯಾರಿಸಿದ ಉಡುಪು, ತಿನಿಸು ಮೊದಲಾದವನ್ನು ಮಾರುವುದಕ್ಕಾಗಿ ಸಿರಿ ಗ್ರಾಮೋದ್ಯೋಗ ಸಂಸ್ಥೆ ಹುಟ್ಟಿತು. ಅಂಗಿಯ ಚೀಟಿಯಲ್ಲಿ ದೂರದ ವ್ಯಾಪಾರಿಯ ಹೆಸರಿಲ್ಲ, 'ಸಿರಿ' ಎಂದಿದೆ. ಹೊಲಿದವಳ ಸ್ವಂತ ಹೆಸರು ಇದಲ್ಲವಾದರೂ, ಆಕೆಯ ಊರಿನ ಹೆಸರಂತೂ ಹೌದು.

ಆ ಹೆಸರನ್ನು ಆರಿಸಿದವರ ಮನಸ್ಸಿನಲ್ಲಿ ಸಂಪತ್ತೆಂಬ ಅರ್ಥವೇ ಇದ್ದಿರಬಹುದು. ನನ್ನಂಥವನಿಗೆ ಮಾತ್ರ ತುಳುನಾಡಿನ ಇನ್ನೊಬ್ಬ ಸಿರಿ ನೆನಪಾಗದೆ ಇರಳು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜತೆಗೂಡಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಹದಿನೈದು ಸಾವಿರ ಸಾಲುಗಳನ್ನು ಮೀರಿದ ಮಹಾಕಾವ್ಯವದು. ಅದರ ಕಥೆಯಲ್ಲಿ ಗರ್ಭಿಣಿಯಾದ ಸಿರಿಯ ಬಯಕೆಗೆಂದು ಗಂಡ ಕಾಂತು ಪೂಂಜ ಸೀರೆ ಕೊಳ್ಳಲು ಹೋಗುತ್ತಾನೆ. ಬರುವ ದಾರಿಯಲ್ಲಿ ವೇಶ್ಯೆಯ ಮನೆಯನ್ನು ಹೊಗುತ್ತಾನೆ. ಆಕೆ ಆ ಸೀರೆಯನ್ನು ಬಿಡಿಸಿ ಉಟ್ಟು ಮತ್ತೆ ಮಡಿಸಿಡುತ್ತಾಳೆ. ಸಭೆಯ ನಡುವೆ ಸೀರೆಯನ್ನು ಮುಂದಿಟ್ಟಾಗ ಸಿರಿ ಅದನ್ನು ಮುಟ್ಟಳು. ಅದು ಯಾವ ಮನೆಯನ್ನು ಹಾದು ಬಂತೆಂಬುದು ಅವಳಿಗೆ ತಿಳಿದುಹೋಗಿದೆ. ಬಟ್ಟೆ ಹಾದುಬಂದ ದಾರಿಯನ್ನು ಬಟ್ಟೆಯಲ್ಲೇ ಓದಬಲ್ಲವಳು ಅವಳು. ನಾವು ಬೆಲೆಯನ್ನಷ್ಟೇ ಓದುತ್ತೇವೆ.

ಮೂಡುಬಿದಿರೆಯಿಂದ ಮೂಲ್ಕಿಯ ದಾರಿ ಹಿಡಿದರೆ ನಡುವೆ ಕಿನ್ನಿಗೋಳಿ ಸಿಗುತ್ತದೆ. ಅಲ್ಲಿಯ ತಾಳಿಪಾಡಿ ನೇಕಾರರ ಸೇವಾ ಸಹಕಾರಿ ಸಂಘದಲ್ಲಿ ಉಡುಪಿ ಸೀರೆಯ ಮಗ್ಗಗಳು ನಿಂತೇಹೋಗುವ ಸ್ಥಿತಿಯಿತ್ತು. 2018ರ ಸುಮಾರಿಗೆ ಉಳಿದಿದ್ದವರು ವಯಸ್ಸಾದ ಬೆರಳೆಣಿಕೆಯ ನೇಕಾರರು. ಕಾರ್ಕಳದ ಕದಿಕೆ ಟ್ರಸ್ಟಿನವರು ಅವರೊಡನೆ ಸೇರಿ ಕೆಲಸ ಆರಂಭಿಸಿದರು. ಹೊಸಬರಿಗೆ ತರಬೇತಿಯಾಯಿತು, ಅಡಕೆಯ ಚೊಗರಿನಂಥ ಸಹಜ ಬಣ್ಣಗಳ ಬಳಕೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಸೀರೆಯ ಜತೆಗಿನ ಚೀಟಿಯಲ್ಲಿ ಅದನ್ನು ನೇಯ್ದವರ ಹೆಸರನ್ನೂ ಭಾವಚಿತ್ರವನ್ನೂ ಇಡುವ ಪದ್ಧತಿ ಬಂತು. ರೆಮ್ಮವ್ವೆಯ ಅಂಕಿತವೇ ಮರಳಿ ಬಂದಂತಾಯಿತಲ್ಲವೆ? ಭಾವಚಿತ್ರದಿಂದ ಹೊಟ್ಟೆ ತುಂಬದು ಎನ್ನುವವರಿದ್ದಾರೆ. ನಿಜ. ಆದರೆ ಹೆಸರಿಲ್ಲದವಳ ಮಜೂರಿಯನ್ನು ಇಳಿಸುವುದು ಸುಲಭ. ಹೆಸರುಳ್ಳವಳ ಬದಲಿಗೆ ನಾಳೆ ಇನ್ನೊಬ್ಬಳನ್ನು ಕೂರಿಸುವುದು ಅಷ್ಟು ಸುಲಭವಲ್ಲ.

ಘಟ್ಟದ ಮೇಲಣ ಒಂದು ನಿದರ್ಶನವನ್ನೂ ಇಲ್ಲಿ ಹೇಳಲೇಬೇಕು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನರ ಮುಂದಾಳುತನದಲ್ಲಿ 1996ರಲ್ಲಿ ರೂಪುಗೊಂಡ ಚರಕ ಮಹಿಳಾ ಸಹಕಾರ ಸಂಘದಲ್ಲಿ ನೇಯ್ಗೆ, ಬಣ್ಣಗಾರಿಕೆ, ಹೊಲಿಗೆ ಎಲ್ಲವೂ ಒಂದೆಡೆ ನಡೆದವು. ಮಾರಾಟಕ್ಕೆ 'ದೇಸಿ' ಎಂಬ ಪ್ರತ್ಯೇಕ ಸಂಸ್ಥೆ ನಿಂತಿತು. ಮಾರುವವರೂ ತಯಾರಿಸುವವರೂ ಒಂದೇ ಧ್ಯೇಯದವರಾದರೆ ಏನಾಗಬಹುದೆಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನರು ಉಪವಾಸವನ್ನೂ ಮಾಡಿದರು. ಅಂಥ ಚರಕವೂ 2020ರಲ್ಲಿ, ಸಾಂಕ್ರಾಮಿಕದ ಆ ವರ್ಷ, ತನ್ನ ಕೈ ಬರಿದಾಗಿದೆಯೆಂದು ಬಹಿರಂಗವಾಗಿ ಸಾರಬೇಕಾಯಿತು. ಮಾರಾಟವಾಗದ ಬಟ್ಟೆ, ಬಾರದ ಹಣ. ಧ್ಯೇಯವೊಂದೇ ಸಂಬಳದ ದಿನವನ್ನು ದಾಟಿಸದು.

ಹೊಲಿಗೆಯ ಲೆಕ್ಕವನ್ನು ನಾವು ಸಾಹಿತ್ಯದವರು ನೋಡುವುದು ಕಡಿಮೆ. ಸ್ವಲ್ಪ ನೋಡೋಣ. ದೊಡ್ಡ ಕಾರ್ಖಾನೆಯಲ್ಲಿ ಒಬ್ಬಳು ದಿನವಿಡೀ ಕೊರಳಪಟ್ಟಿಯನ್ನೇ, ಇನ್ನೊಬ್ಬಳು ತೋಳನ್ನೇ ಹೊಲಿಯುತ್ತಾಳೆ. ಒಂದೇ ಬಣ್ಣದ ಸಾವಿರಾರು ಅಂಗಿ. ಕೈ ತಾನಾಗಿ ಓಡುತ್ತದೆ. ಸಣ್ಣ ಸಂಸ್ಥೆ ತರುವ ಬೇಡಿಕೆ 40 ಕುರ್ತಾಗಳದ್ದು ಎಂದಿಟ್ಟುಕೊಳ್ಳಿ. ಅದರಲ್ಲಿ ಐದು ಅಳತೆ, ನಾಲ್ಕು ಬಣ್ಣ. ಅಂದರೆ ಒಂದೊಂದು ಬಗೆಯಲ್ಲಿ ಎರಡೆರಡೇ. ಪ್ರತಿ ಬಣ್ಣಕ್ಕೂ ನೂಲು ಬದಲಾಯಿಸಬೇಕು, ಪ್ರತಿ ಅಳತೆಗೂ ಬೇರೆ ಕತ್ತರಿ. ಕೈಮಗ್ಗದ ಬಟ್ಟೆ ಕುಗ್ಗುತ್ತದೆ, ಮೊದಲೇ ನೀರಿಗೆ ಹಾಕಿ ಒಣಗಿಸಬೇಕು. ಸಹಜ ಬಣ್ಣ ಒಂದು ಹಂಡೆಯಿಂದ ಇನ್ನೊಂದು ಹಂಡೆಗೆ ತುಸು ಬೇರೆಯಾಗುತ್ತದೆ. ಮೈಗೂ ತೋಳಿಗೂ ಒಂದೇ ಥಾನಿನ ಬಟ್ಟೆಯೇ ಬೇಕು. ಪನ್ನ ಕಿರಿದಾದರೆ ತುಂಡುಗಳನ್ನು ಹೊಂದಿಸುವುದಕ್ಕೇ ಕತ್ತರಿಸುವವನಿಗೆ ಅರ್ಧ ದಿನ ಬೇಕು. ಇಷ್ಟೆಲ್ಲ ಆದ ಮೇಲೆ ಕಾಜಾ, ಗುಂಡಿ, ಇಸ್ತ್ರಿ. ದೊಡ್ಡ ಕಾರ್ಖಾನೆಯ ದರವನ್ನು ಮುಂದಿಟ್ಟುಕೊಂಡು ಇವಳಿಗೆ ಅಂಗಿಗೆ ಇಷ್ಟು ಎಂದು ಕೊಟ್ಟರೆ, ಬಟ್ಟೆ ಎಷ್ಟೇ ಪರಿಶುದ್ಧವಾಗಿರಲಿ, ಆ ಪರಿಶುದ್ಧತೆಯ ವೆಚ್ಚವನ್ನು ತೆತ್ತವಳು ಇವಳೇ. ಕೆಲಸಕ್ಕೆ ಹಿಡಿದ ಗಂಟೆಗಳನ್ನು ಎಣಿಸಿ ದರ ಕಟ್ಟುವವರನ್ನು ಮಾತ್ರ ಪಾಲುದಾರರೆಂದು ಕರೆಯಲು ನಾನು ಸಿದ್ಧ.

ಕತ್ತರಿಸಿ ಉಳಿದ ಚೂರುಬಟ್ಟೆಯ ಪ್ರಶ್ನೆಯೂ ಇದೆ. ಈಚೆಗೆ ಅದರಿಂದ ಚೀಲ, ಕೌದಿಗಳನ್ನು ಮಾಡಿ ಮಾರುತ್ತಾರೆ. ಆ ಚೂರು ಯಾರದು ಎಂಬುದನ್ನು ಒಪ್ಪಂದದ ಕಾಗದದಲ್ಲಿ ಮೊದಲೇ ಬರೆದಿಡುವುದು ಲೇಸು.

ಇನ್ನು ವರ್ಷದ ಲೆಕ್ಕ. ನಮ್ಮ ಜಿಲ್ಲೆಯ ಹೊಲಿಗೆಯವರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಯ ಸಮವಸ್ತ್ರ, ಉಸಿರಾಡಲು ಬಿಡುವಿಲ್ಲ. ದೀಪಾವಳಿ, ಕ್ರಿಸ್ಮಸ್ಸುಗಳ ಮುಂದೆ ಮತ್ತೆ ಕೆಲಸ. ನಡುವೆ ಮಳೆ. ಒದ್ದೆಗಾಳಿಗೆ ಬಟ್ಟೆಗೆ ಬೂಸು ಹಿಡಿಯುತ್ತದೆ, ಕರೆಂಟು ಹೋದರೆ ಬರುವ ಹೊತ್ತು ತಿಳಿಯದು, ಮದುವೆಗಳಿಲ್ಲ, ರವಿಕೆ ಹೊಲಿಸುವವರಿಲ್ಲ. ತುಳುವರು ಆ ತಿಂಗಳನ್ನು ಆಟಿ ಎನ್ನುತ್ತಾರೆ. ಕಣಜ ಬರಿದಾದ ತಿಂಗಳು ಅದು. ಹಬ್ಬದ ಮಾರಾಟಕ್ಕೆ ಬೇಕಾದ ಬಟ್ಟೆಯನ್ನು ಆಶ್ವಯುಜದಲ್ಲಿ ತಂದು ಹದಿನೈದು ದಿನಗಳಲ್ಲಿ ಹೊಲಿದುಕೊಡಿ ಎಂದು ಅವಸರಪಡಿಸುವ ಬದಲು, ಅದನ್ನು ಆಟಿಯಲ್ಲಿಯೇ ಕತ್ತರಿಸಿ ಕೊಟ್ಟು, ಮಜೂರಿಯ ಒಂದು ಭಾಗವನ್ನು ಮುಂಗಡವಾಗಿ ಕೇಂದ್ರಕ್ಕೆ ಕಟ್ಟುವ ಸಂಸ್ಥೆಯೊಂದಿದ್ದರೆ, ಅದರ ಚೀಟಿಯನ್ನು ನನ್ನ ಅಂಗಿಯ ಕೊರಳಲ್ಲಿ ಧರಿಸಲು ನನಗೇನೂ ಅಡ್ಡಿಯಿಲ್ಲ. ಚೀಟಿಯ ಹಿಂಬದಿ ಹೇಗೂ ಖಾಲಿಯಿರುತ್ತದೆ, ಹೊಲಿದವಳ ಹೆಸರಿಗೆ ಅಷ್ಟು ಜಾಗ ಸಾಕು.