ಗೆಡ್ಡೆ ತೆಗೆದ ಮೇಲೂ ಚಿಕಿತ್ಸೆ ಇದೆ



ಕ್ಯಾನ್ಸರ್ ಮೆದುಳಿಗೆ ಹರಡಿದಾಗ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ ಗೆಡ್ಡೆ ತೆಗೆಯುತ್ತಾರೆ. “ತೆಗೆದಾಯಿತಲ್ಲ, ಇನ್ನೇಕೆ ಬೆಂಗಳೂರು?” ಎಂದು ಮನೆಯಲ್ಲಿ ಕೂರಬಾರದು. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಅಲ್ಲೇ ಉಳಿದಿರಬಹುದು. 2017ರ ಅಮೆರಿಕದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ ಒಂದು ವರ್ಷ ಅದೇ ಜಾಗದಲ್ಲಿ ಗೆಡ್ಡೆ ಮರುಕಳಿಸದೆ ಉಳಿದದ್ದು ಶೇ. 43, ಆ ಜಾಗಕ್ಕಷ್ಟೇ ಗುರಿಯಿಟ್ಟು ವಿಕಿರಣ ಕೊಟ್ಟವರಲ್ಲಿ ಶೇ. 72. ಇಡೀ ಮೆದುಳಿಗೆ ವಿಕಿರಣ ಕೊಡುವುದಕ್ಕಿಂತ ಇದರಿಂದ ನೆನಪು, ಯೋಚನಾಶಕ್ತಿಗೆ ಹಾನಿ ಕಡಿಮೆ, ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲ ಎಂದು ಅದೇ ವರ್ಷದ ಇನ್ನೊಂದು ಅಧ್ಯಯನ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ವಿಕಿರಣಕ್ಕೆ ಗಾಮಾ ನೈಫ್ ಯಂತ್ರವಿದೆ. ಯಾರಿಗೆ ಯಾವುದು ಸೂಕ್ತವೆಂದು ವೈದ್ಯರೇ ಹೇಳಬೇಕು.

ಹೊಸ ಅಗ್ರಹಾರದಿಂದ ಬೆಂಗಳೂರು ದೂರ, ನಿಜ. ಆದರೆ ವಿದ್ಯಾರ್ಥಿಗಳೇ, ಮನೆಯಲ್ಲಿ ಆಸ್ಪತ್ರೆಯ ಚೀಟಿ ಓದಬಲ್ಲವರು ನೀವು. ಮುಂದಿನ ತಾರೀಖು ತಪ್ಪದಂತೆ ನೋಡಿಕೊಳ್ಳಿ. ಕಲಿತದ್ದಕ್ಕೆ ಅದೂ ಒಂದು ಸಾರ್ಥಕತೆ.