ಬಾವಲಿಯ ಮೂಗಿಗೆ ಬಿಸಿ ಗೊತ್ತಾಗುವುದು ಹೇಗೆ?

ಸೂಜಿಮೆಣಸು ಕಚ್ಚಿದರೆ ಬಾಯಿ ಉರಿಯುತ್ತದೆ, ಅಲ್ಲವೇ? ಬೆಂಕಿಯೇ ಇಲ್ಲದೆ ಈ ಉರಿ ಎಲ್ಲಿಂದ ಬಂತು?

ನಮ್ಮ ನರಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ‘ಸುಡುತ್ತಿದೆ!’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು ಇದೇ. ಮೆಣಸಿನ ಖಾರವೂ ಇದನ್ನೇ ಕೆಣಕುತ್ತದೆ. ಇದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಅವರ ತಂಡ 2011ರಲ್ಲಿ ಅಮೆರಿಕ ಖಂಡಗಳ ರಕ್ತ ಕುಡಿಯುವ ಬಾವಲಿಯ ಗುಟ್ಟನ್ನೂ ಬಿಡಿಸಿತು. (ನಮ್ಮೂರ ಆಲದ ಮರದಲ್ಲಿ ತಲೆಕೆಳಗಾಗಿ ತೂಗುವವು ಹಣ್ಣು ತಿನ್ನುವ ಪಾಪದವು, ಹೆದರಬೇಡಿ.) ದನ ಮಲಗಿದ್ದಾಗ ಅದರ ಚರ್ಮದಡಿ ಬಿಸಿ ರಕ್ತ ಎಲ್ಲಿ ಹರಿಯುತ್ತಿದೆ ಎಂದು ಈ ಬಾವಲಿ ಮುಟ್ಟದೆಯೇ, ಗೇಣು ದೂರದಿಂದ ತಿಳಿಯುತ್ತದೆ. ಅದಕ್ಕೆಂದೇ ಮೂಗಿನ ಸುತ್ತ ಪುಟ್ಟ ಕುಳಿಗಳಿವೆ. ಆದರೆ ದನದ ಮೈ 43 ಡಿಗ್ರಿ ಕಾಯುವುದಿಲ್ಲವಲ್ಲ!

ಟಿಆರ್‌ಪಿವಿ1 ತಯಾರಿಸುವ ಸೂಚನೆ, ಅಂದರೆ ಜೀನ್, ಬಾವಲಿಯ ಬಳಿ ಇರುವುದೂ ಅದೇ. ಪ್ರೋಟೀನ್ ತಯಾರಿಸುವ ಮೊದಲು ಜೀವಕೋಶವು ಜೀನನ್ನು ಆರ್‌ಎನ್‌ಎ ರೂಪದಲ್ಲಿ ನಕಲು ಮಾಡಿಕೊಳ್ಳುತ್ತದೆ. ಆ ನಕಲಿನಲ್ಲಿ ಬೇಡದ ತುಂಡುಗಳನ್ನು ಕತ್ತರಿಸಿ, ಉಳಿದವನ್ನು ಬೆಸೆಯುತ್ತದೆ. ಇದೇ ಸ್ಪ್ಲೈಸಿಂಗ್. ಬೇರೆ ಕಡೆ ಸಾಮಾನ್ಯವಾಗಿ ಕತ್ತರಿಸಿ ಹೋಗುವ ಒಂದು ಚಿಕ್ಕ ತುಂಡು, ಬಾವಲಿಯ ಮುಖದ ನರಕೋಶಗಳಲ್ಲಿ ಎಷ್ಟೋ ನಕಲುಗಳಲ್ಲಿ ಉಳಿದುಬಿಡುತ್ತದೆ. ಅದರೊಳಗೊಂದು ‘ನಿಲ್ಲಿಸು’ ಸಂಕೇತ! ವಾಕ್ಯದ ನಡುವೆಯೇ ಪೂರ್ಣವಿರಾಮ ಬಿದ್ದ ಹಾಗೆ ಪ್ರೋಟೀನಿನ ಬಾಲ ಮೊಟಕಾಗುತ್ತದೆ. ಈ ಮೋಟುಬಾಲದ ಪ್ರೋಟೀನ್ ಸುಮಾರು 30 ಡಿಗ್ರಿಗೇ ಎಚ್ಚರಗೊಳ್ಳುತ್ತದೆ.

ಮೈಯೆಲ್ಲ ಹೀಗೇ ಆಗಿದ್ದರೆ ಬಾವಲಿಗೆ ತನ್ನ ಮೈಬಿಸಿಯೇ ಸುಡುತ್ತಿತ್ತೇನೋ! ಹಾಗಾಗದು. ಮೈಯ ಉಳಿದ ಭಾಗದ ನರಕೋಶಗಳು ಹೆಚ್ಚಾಗಿ ಉದ್ದ ಬಾಲದ್ದನ್ನೇ ಮಾಡುತ್ತವೆ. ಹೊಸ ಶಕ್ತಿ ಬಂತು, ಹಳೆಯದೂ ಉಳಿಯಿತು. ಎಂಥ ಜಾಣತನ, ನೋಡಿ!

ಯಾವ ತುಂಡು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರು ಯಾರು? ಆರ್‌ಎನ್‌ಎಗೆ ಅಂಟಿಕೊಳ್ಳುವ ಬೇರೆ ಕೆಲವು ಪ್ರೋಟೀನುಗಳು. ಒಂದೊಂದು ಬಗೆಯ ಕೋಶದಲ್ಲಿ ಇವುಗಳ ಗುಂಪು ಒಂದೊಂದು ಥರ. ನಮ್ಮ ಮೈಯಲ್ಲೂ ಇದೇ ಆಟ ನಡೆಯುತ್ತದೆ. ಕ್ಯಾಲ್ಸಿಟೋನಿನ್ ಎಂಬ ಜೀನಿನಿಂದ ಥೈರಾಯ್ಡ್ ಗ್ರಂಥಿಯ ಕೆಲವು ಕೋಶಗಳು ರಕ್ತದ ಕ್ಯಾಲ್ಸಿಯಂ ತಗ್ಗಿಸುವ ಹಾರ್ಮೋನ್ ಮಾಡುತ್ತವೆ. ಅದೇ ಜೀನಿನಿಂದ ನರಕೋಶಗಳು ಮಾಡುವುದು ರಕ್ತನಾಳಗಳನ್ನು ಹಿಗ್ಗಿಸುವ, ಪೂರಾ ಬೇರೆಯದೇ ಒಂದು ವಸ್ತುವನ್ನು.